ಪರೀಕ್ಷೆಯ ನಡುವೆ ಪ್ರೋಗ್ರಾಮ್ ಕುಸಿದರೆ ಫಲಿತಾಂಶ ಹೇಳುವವರು ಯಾರು?

ತಂತ್ರಾಂಶ ಸರಿಯಾಗಿದೆಯೇ ಎಂದು ನೋಡಲು ಅದನ್ನು ಬರೆದವರೇ ನೂರಾರು ಸಣ್ಣ ಪರೀಕ್ಷೆಗಳನ್ನು ಬರೆದಿಡುತ್ತಾರೆ. ಅವನ್ನು ಓಡಿಸಿ ಪಾಸು, ಫೇಲು ಪಟ್ಟಿ ಕೊಡುವ ವ್ಯವಸ್ಥೆಯೇ ಟೆಸ್ಟಿಂಗ್ ಫ್ರೇಮ್‌ವರ್ಕ್. ಇದರಲ್ಲಿ ಫೇಲಾಗುವುದು ಬೇರೆ, ಕ್ರ್ಯಾಶ್ ಆಗುವುದು ಬೇರೆ. ಹುಡುಗ ತಪ್ಪು ಉತ್ತರ ಬರೆದರೆ ಸೊನ್ನೆ ಹಾಕಬಹುದು. ಬರೆಯುತ್ತಲೇ ಮೂರ್ಛೆ ಹೋದರೆ? ಅದೂ ಪತ್ರಿಕೆ ತಿದ್ದುವವನು ಅವನೇ ಆಗಿದ್ದರೆ!

ಸಿ, ಸಿ++ ಭಾಷೆಗಳಲ್ಲಿ ಆಗುವುದು ಇದೇ. ತನ್ನದಲ್ಲದ ಮೆಮೊರಿಗೆ ಕೈಹಾಕಿದ ಪ್ರೋಗ್ರಾಮನ್ನು ಆಪರೇಟಿಂಗ್ ಸಿಸ್ಟಮ್ ಅಲ್ಲೇ ನಿಲ್ಲಿಸಿಬಿಡುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ 11ನೇ ಸಿಗ್ನಲ್. ಶೆಲ್ ಅದಕ್ಕೆ 128 ಕೂಡಿಸಿ 139 ಎಂದು ತೋರಿಸುತ್ತದೆ. ಗೂಗಲ್ ಟೆಸ್ಟ್ ಸಾಮಾನ್ಯವಾಗಿ ಎಲ್ಲ ಪರೀಕ್ಷೆಗಳನ್ನೂ ಒಂದೇ ಪ್ರೊಸೆಸ್‌ನಲ್ಲಿ ಓಡಿಸುತ್ತದೆ. ಹಾಗಾಗಿ 200ರಲ್ಲಿ 40ನೆಯದು ಕುಸಿದರೆ ಉಳಿದ 160 ಓಡುವುದೇ ಇಲ್ಲ.

ಸಿ ಭಾಷೆಯ 'ಚೆಕ್' ಫ್ರೇಮ್‌ವರ್ಕ್ ಹಿಡಿದ ದಾರಿ ಒಳ್ಳೆಯದು. ಪ್ರತಿ ಪರೀಕ್ಷೆಗೂ ಫೋರ್ಕ್ ಮಾಡಿ ಬೇರೆ ಪ್ರೊಸೆಸ್ ಹುಟ್ಟಿಸುತ್ತದೆ. ಮೂಲ ಪ್ರೊಸೆಸ್ ಹೊರಗೆ ನಿಂತು ಕಾಯುತ್ತದೆ. ಒಳಗಿನದು ಸತ್ತರೆ ಯಾವ ಸಿಗ್ನಲ್‌ನಿಂದ ಸತ್ತಿತು ಎಂದು ಬರೆದುಕೊಂಡು ಮುಂದಿನದಕ್ಕೆ ಹೋಗುತ್ತದೆ. ಸುಮ್ಮನೆ ಸಿಕ್ಕಿಹಾಕಿಕೊಂಡ ಪರೀಕ್ಷೆಗೂ ಗಡುವು ಉಂಟು, ಬೇರೆ ಹೇಳದಿದ್ದರೆ 4 ಸೆಕೆಂಡು. ಆದರೆ ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲದ ಕಾರಣ ಈ ರಕ್ಷಣೆ ಸಿಗದು. ಡಿಬಗ್ಗರ್ ಹಿಡಿದು ಕೂರುವಾಗ ಫೋರ್ಕ್ ನಿಲ್ಲಿಸಿಕೊಂಡರೆ ಕೆಲಸ ಸುಲಭ.

ಕ್ರ್ಯಾಶ್‌ಗಿಂತ ಮೋಸದ್ದು ಇನ್ನೊಂದಿದೆ. ಪರೀಕ್ಷೆಯ ನಡುವೆ ಎಲ್ಲೋ ಒಂದು ಸಾಲು ಎಕ್ಸಿಟ್ 0 ಎಂದು ಹೊರನಡೆದರೆ, ಸೊನ್ನೆ ಎಂದರೆ 'ಎಲ್ಲ ಕ್ಷೇಮ' ಎಂದೇ ಲೆಕ್ಕ. ಅರ್ಧ ಪರೀಕ್ಷೆಗಳು ಓಡದಿದ್ದರೂ ಹಸಿರು ನಿಶಾನೆ! ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಹೊರನಡೆದರೆ ಮಾತ್ರ ಚೆಕ್ ಅದನ್ನು ಅವಧಿಗೆ ಮುನ್ನ ನಿರ್ಗಮನ ಎಂದು ದೋಷಕ್ಕೆ ಸೇರಿಸುತ್ತದೆ. ಗೂಗಲ್ ಟೆಸ್ಟ್‌ನಲ್ಲಿ ಬೇರೆ ಉಪಾಯ: ಕೇಳಿಕೊಂಡರೆ ಶುರುವಿನಲ್ಲಿ ಒಂದು ಫೈಲ್ ಮಾಡಿ, ಕೊನೆಯವರೆಗೆ ಓಡಿದರೆ ಮಾತ್ರ ಅಳಿಸುತ್ತದೆ. ಫೈಲ್ ಉಳಿದಿದ್ದರೆ ನಡುವೆ ಏನೋ ಕೆಟ್ಟಿದೆ ಎಂದೇ ಅರ್ಥ.

ಕೆಲವೊಮ್ಮೆ ಪ್ರೋಗ್ರಾಮ್ ಸಾಯಲೇಬೇಕು ಎಂಬುದೇ ಪರೀಕ್ಷೆ. ಅದಕ್ಕೆ ಗೂಗಲ್ ಟೆಸ್ಟ್‌ನಲ್ಲಿ 'ಡೆತ್ ಟೆಸ್ಟ್' ಇದೆ. ಅದು ಮಾತ್ರ ಬೇರೆ ಪ್ರೊಸೆಸ್‌ನಲ್ಲಿ ಓಡುತ್ತದೆ. ಸಾಯುವಾಗ ಯಾವ ಸಂದೇಶ ಬರಬೇಕು ಎಂಬುದನ್ನು ತಪ್ಪದೆ ಬರೆಯಿರಿ. ಖಾಲಿ ಬಿಟ್ಟರೆ ಬೇರಾವುದೋ ಕಾರಣಕ್ಕೆ ಸತ್ತರೂ ಪಾಸು.

ಪೈಥಾನ್‌ನವರಿಗೆ ಪೈಟೆಸ್ಟ್ ಜೊತೆ ಎಕ್ಸ್‌ಡಿಸ್ಟ್ ಹಾಕಿಕೊಂಡರೆ ಸಾಕು. ಕುಸಿದ ವರ್ಕರ್ ಓಡಿಸುತ್ತಿದ್ದ ಪರೀಕ್ಷೆಯನ್ನು ಫೇಲ್ ಎಂದು ದಾಖಲಿಸಿ, ಹೊಸ ವರ್ಕರ್‌ನಿಂದ ಉಳಿದವನ್ನು ಮುಗಿಸುತ್ತದೆ.