ಬುಷೆಲ್‌ಗೆ ಅರ್ಧ ಸೆಂಟ್: ಅಮೆರಿಕದ ಸೋಯಾ ಬೆಳೆಗಾರರ ಸಂಶೋಧನಾ ನಿಧಿ

ಸೋಯಾ ಅವರೆಯ ಹೂವು ತನ್ನದೇ ಪರಾಗದಿಂದ ಕಾಯಿಗಟ್ಟುವುದರಿಂದ ತಳಿಯ ಗುಣ ಬೀಜದಲ್ಲಿ ಹೆಚ್ಚುಕಡಿಮೆ ಕೆಡದೆ ಉಳಿಯುತ್ತದೆ; ಒಮ್ಮೆ ಒಳ್ಳೆಯ ತಳಿ ಕೈಸೇರಿದರೆ ರೈತನು ಮರುವರ್ಷ ತನ್ನ ಕಣದ ಬೀಜವನ್ನೇ ಬಿತ್ತಬಲ್ಲನು. ಸಂಕರಣ ಮೆಕ್ಕೆಜೋಳದ ಬೀಜವನ್ನು ವರ್ಷವರ್ಷವೂ ಮಾರಿ ಬೆಳೆದ ಅಮೆರಿಕದ ಕಂಪನಿಗಳು ಸೋಯಾ ತಳಿ ಸಂಶೋಧನೆಯತ್ತ ಬಹುಕಾಲ ಮನಸ್ಸು ಮಾಡದಿರಲು ಇದೇ ಮುಖ್ಯ ಕಾರಣವಾಯಿತು. 1970ರಲ್ಲಿ ಸಸ್ಯತಳಿ ಸಂರಕ್ಷಣಾ ಕಾಯ್ದೆ ಬರುವವರೆಗೆ ಆ ಹೊರೆಯನ್ನು ಬಹುಪಾಲು ಹೊತ್ತವು ಸರ್ಕಾರಿ ಪ್ರಯೋಗಾಲಯಗಳು ಮತ್ತು ರಾಜ್ಯಗಳ ವಿಶ್ವವಿದ್ಯಾಲಯಗಳು. ಬೆಳೆಗಾರರು ಈ ಕೆಲಸಕ್ಕೆ ತಮ್ಮ ಹಣವನ್ನೂ ಸೇರಿಸಿದ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

1920ರಲ್ಲಿ ಇಂಡಿಯಾನಾದ ಕ್ಯಾಮ್ಡೆನ್ ಬಳಿಯ ಹೊಲವೊಂದರಲ್ಲಿ ರೈತರೂ ವಿಜ್ಞಾನಿಗಳೂ ಕೂಡಿ ಕಟ್ಟಿದ ಸಂಘವೇ ಮುಂದೆ ಅಮೆರಿಕನ್ ಸೋಯಾಬೀನ್ ಅಸೋಸಿಯೇಷನ್ ಆಯಿತು. ಆದರೆ ಸಂಘಟನೆಯ ಸದಸ್ಯತ್ವದ ಹಣದಿಂದ ಸಂಶೋಧನೆ ನಡೆಯುವುದಿಲ್ಲ. 1966ರಲ್ಲಿ ಉತ್ತರ ಕೆರೊಲಿನಾ ರಾಜ್ಯದ ಬೆಳೆಗಾರರು ಮಾರಿದ ಪ್ರತಿ ಬುಷೆಲ್‌ಗೆ, ಅಂದರೆ ಸುಮಾರು 27 ಕಿಲೋ ಕಾಳಿಗೆ, ಅರ್ಧ ಸೆಂಟ್ ಕೊಡಲು ಒಪ್ಪಿ ಹೊಸ ದಾರಿ ತೆರೆದರು. ಖರೀದಿದಾರನೇ ಹಣ ಮುರಿದುಕೊಂಡು ನಿಧಿಗೆ ಕಟ್ಟುವ ಈ ವ್ಯವಸ್ಥೆಗೆ ಚೆಕ್‌ಆಫ್ ಎಂದು ಹೆಸರು. ಬೇರೆ ರಾಜ್ಯಗಳೂ ಇದನ್ನು ಅನುಸರಿಸಿದವು. 1990ರ ಕೇಂದ್ರ ಕಾಯ್ದೆಯಂತೆ ಮರುವರ್ಷದಿಂದ ದೇಶದಾದ್ಯಂತ ಮಾರಾಟ ಬೆಲೆಯ ಶೇಕಡ 0.5ರಷ್ಟು ವಂತಿಗೆ ಕಡ್ಡಾಯವಾಗಿ, ಅದರ ಅರ್ಧ ರಾಜ್ಯದ ಮಂಡಳಿಗೂ ಉಳಿದರ್ಧ ರೈತರೇ ಸದಸ್ಯರಾಗಿರುವ ಯುನೈಟೆಡ್ ಸೋಯಾಬೀನ್ ಬೋರ್ಡಿಗೂ ಸೇರತೊಡಗಿತು. 1994ರ ಜನಮತದಲ್ಲಿ ಇದನ್ನು ಉಳಿಸಲು ಒಪ್ಪಿದವರು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು; ಕಡ್ಡಾಯದ ವಂತಿಗೆಯನ್ನು ಒಲ್ಲದವರ ಸಂಖ್ಯೆ ದೊಡ್ಡದಿತ್ತೆಂಬುದನ್ನು ಮರೆಯುವುದು ಚರಿತ್ರೆಗೆ ನ್ಯಾಯವಲ್ಲ.

ಈ ನಿಧಿಯ ಬೆಲೆ ನಿಜವಾಗಿ ತಿಳಿಯುವುದು ಸಿಸ್ಟ್ ನೆಮಟೋಡ್ ಎಂಬ ಜಂತುಹುಳುವಿನ ವಿಷಯದಲ್ಲಿ. 1954ರಲ್ಲಿ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ಅದೇ ಉತ್ತರ ಕೆರೊಲಿನಾದಲ್ಲಿ. ಬೇರಿಗೆ ಅಂಟಿ ರಸ ಹೀರುವ ಈ ಹುಳು, ಮೇಲೆ ಗಿಡ ಹಸಿರಾಗಿ ಕಾಣುತ್ತಿರುವಾಗಲೇ ಇಳುವರಿಯನ್ನು ಗಣನೀಯವಾಗಿ ಕುಗ್ಗಿಸುತ್ತದೆ. ಸತ್ತ ಹೆಣ್ಣುಹುಳುವಿನ ಗಟ್ಟಿ ಚೀಲದೊಳಗೆ ಮೊಟ್ಟೆಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಕಣ್ಣಿಗೆ ಬೀಳದ ನಷ್ಟಕ್ಕೆ ಔಷಧ ಕೊಳ್ಳುವವರಿಲ್ಲವಾದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿರೆಂದು ಹೇಳುವ ಕೆಲಸವೂ ರೈತರ ಹಣದಿಂದಲೇ ನಡೆಯಬೇಕಾಯಿತು. ಪಿಐ 88788 ಎಂಬ ಒಂದೇ ಮೂಲದ ನಿರೋಧಕ ಶಕ್ತಿಯನ್ನು ಬಹುತೇಕ ತಳಿಗಳಲ್ಲಿ ದಶಕಗಳ ಕಾಲ ಬಳಸಿದ್ದರಿಂದ ಹುಳುಗಳು ಅದಕ್ಕೆ ಒಗ್ಗಿಕೊಂಡದ್ದನ್ನು ತೋರಿಸಿದ್ದು ವಿಶ್ವವಿದ್ಯಾಲಯಗಳ ಹೊಲಪ್ರಯೋಗಗಳು. ಐಯೋವಾದಲ್ಲಿ ಇಂಥ ಪ್ರಯೋಗಗಳಿಗೆ ಚೆಕ್‌ಆಫ್ ಹಣವೇ ಆಸರೆ. ಕಂಪನಿಗಳ ತಳಿಗಳನ್ನು ಅಕ್ಕಪಕ್ಕ ಬೆಳೆದು ಪಡೆದ ಇಳುವರಿಯನ್ನೂ ಹುಳುವಿನ ಲೆಕ್ಕವನ್ನೂ ಅಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಲಾಗುತ್ತದೆ.

ಭಾರತದಲ್ಲಿ ಸೋಯಾ ಸಂಶೋಧನೆಯ ಮುಖ್ಯ ಹೊಣೆ ಸರ್ಕಾರದ್ದು. ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ತಳಿಯನ್ನು ರೂಪಿಸಿದ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸಾರ್ವಜನಿಕ ಸಂಸ್ಥೆಯೇ. ಬೀದರ್, ಬೆಳಗಾವಿಯ ಬೆಳೆಗಾರನಿಗೆ ಅದರ ಫಲ ದೊರೆತಿದೆ. ಮುಂದೆ ಯಾವ ರೋಗವನ್ನು ಮೊದಲು ಅಭ್ಯಸಿಸಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಹಣ ಹಾಕಿದವನ ಹಕ್ಕಿನಿಂದ ಕೂರುವ ಏರ್ಪಾಡು ಮಾತ್ರ ಇಲ್ಲಿ ಬೆಳೆದಿಲ್ಲ.