ಕಾಲುವೆಯ ನೀರಿನಲ್ಲಿ ಕಪ್ಪುಕುಳಿ

ಕಪ್ಪುಕುಳಿಯೊಳಗೆ ಬಿದ್ದದ್ದು ಹೊರಬರುವುದಿಲ್ಲ, ಬೆಳಕು ಕೂಡ. ಶಾಲಾ ಮಕ್ಕಳೂ ಬಲ್ಲ ಈ ಮಾತಿಗೆ 1974ರಲ್ಲಿ ಸ್ಟೀಫನ್ ಹಾಕಿಂಗ್ ಒಂದು ತಿದ್ದುಪಡಿ ತಂದರು. ಕ್ವಾಂಟಂ ನಿಯಮಗಳನ್ನು ಲೆಕ್ಕಕ್ಕೆ ಹಿಡಿದರೆ ಕಪ್ಪುಕುಳಿ ಪೂರ್ತಿ ಕಪ್ಪಲ್ಲ. ಅದು ಬಹು ಮಂದವಾಗಿ ಶಾಖ ಸೂಸುತ್ತ ಕ್ರಮೇಣ ಸವೆದುಹೋಗುತ್ತದೆ ಎಂದರು. ಲೆಕ್ಕವೇನೋ ಸೊಗಸಾಗಿತ್ತು. ಆದರೆ ಅದನ್ನು ಕಣ್ಣಾರೆ ಕಾಣುವುದು ಹೇಗೆ? ಸೂರ್ಯನಷ್ಟು ರಾಶಿಯ ಕಪ್ಪುಕುಳಿಯ ತಾಪ ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರ ಸುತ್ತಲಿನ ಆಕಾಶವಾದರೋ ಮಹಾಸ್ಫೋಟದ ಉಳಿಕೆಯಾಗಿ 2.7 ಕೆಲ್ವಿನ್‌ನಷ್ಟು ಬೆಚ್ಚಗಿದೆ. ನಡುಹಗಲಿನಲ್ಲಿ ಮಿಣುಕುಹುಳ ಹುಡುಕುವುದು ಇದಕ್ಕಿಂತ ಸುಲಭ. 2018ರಲ್ಲಿ ಹಾಕಿಂಗ್ ತೀರಿಕೊಂಡಾಗಲೂ ಆಕಾಶದ ಯಾವ ಕಪ್ಪುಕುಳಿಯಲ್ಲೂ ಆ ಶಾಖ ಕಂಡಿರಲಿಲ್ಲ.

ಆಕಾಶದಲ್ಲಿ ಕಾಣದ್ದನ್ನು ನೀರಿನಲ್ಲಿ ನೋಡಬಹುದೆಂದವರು ಕೆನಡಾದ ಭೌತವಿಜ್ಞಾನಿ ವಿಲಿಯಂ ಉನ್ರು. 1945ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದ ಇವರು, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ಅವರ ಶಿಷ್ಯರು. ಕಪ್ಪುಕುಳಿಯ ಇಂಗ್ಲಿಷ್ ಹೆಸರನ್ನು ಲೋಕಕ್ಕೆಲ್ಲ ರೂಢಿ ಮಾಡಿಸಿದ ವೀಲರ್ ಇವರೇ. ಉನ್ರು ಮುಂದೆ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

1972ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಉಪನ್ಯಾಸ ಮಾಡುವಾಗ ಉನ್ರು ಕಪ್ಪುಕುಳಿಯನ್ನು ವಿವರಿಸಲು ಒಂದು ಮೀನಿನ ಕಥೆ ಹೇಳಿದ್ದರು. ಜಲಪಾತವೊಂದರಲ್ಲಿ ಬೀಳುತ್ತಿರುವ ನೀರು ಶಬ್ದಕ್ಕಿಂತ ವೇಗ ಪಡೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಮೀನೊಂದು ಆ ಸೆಳೆತಕ್ಕೆ ಸಿಕ್ಕಿ ಕೂಗುತ್ತದೆ. ಗಡಿ ಸಮೀಪಿಸಿದಂತೆ ಆ ಕೂಗು ಮೇಲಿನ ಮೀನುಗಳಿಗೆ ತಗ್ಗುತ್ತ ತಗ್ಗುತ್ತ ಕೇಳಿಸುತ್ತದೆ. ಗಡಿ ದಾಟಿದ ಮೇಲೆ ಎಷ್ಟು ಕೂಗಿದರೂ ಅಷ್ಟೆ, ಹರಿವು ಶಬ್ದವನ್ನೇ ಕೆಳಕ್ಕೆ ಎಳೆದೊಯ್ಯುತ್ತದೆ. ಬೆಳಕಿಗೆ ಕಪ್ಪುಕುಳಿ ಹೇಗೋ ಶಬ್ದಕ್ಕೆ ಇದು ಹಾಗೆ. ಇದನ್ನು ಅವರು ಮುಂದೆ ‘ಮೂಕಕುಳಿ’ ಎಂಬರ್ಥದ ಹೆಸರಿನಿಂದ ಕರೆದರು.

ಅದು ಕೇವಲ ಉಪಮೆಯಾಗಿಯೇ ಉಳಿಯಬಹುದಿತ್ತು. ಕೆಲವು ವರ್ಷಗಳ ನಂತರ ವಿದ್ಯಾರ್ಥಿಗಳಿಗೆ ದ್ರವಗಳ ಚಲನೆಯ ಪಾಠ ಮಾಡುತ್ತಿದ್ದಾಗ ಉನ್ರುಗೆ ಹೊಳೆದದ್ದು ಬೇರೆ: ಹರಿಯುವ ದ್ರವದಲ್ಲಿ ಶಬ್ದದ ಸಮೀಕರಣವೂ ಕಪ್ಪುಕುಳಿಯ ಬಳಿಯ ಅಲೆಯ ಸಮೀಕರಣವೂ ಒಂದೇ! ಗಣಿತ ಒಂದೇ ಆದರೆ ಮೂಕಕುಳಿಯೂ ಶಾಖ ಸೂಸಲೇಬೇಕು. 1981ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಯಿತು. ಕಪ್ಪುಕುಳಿ ಆವಿಯಾಗುವುದನ್ನು ಪ್ರಯೋಗದಿಂದ ನೋಡಬಹುದೇ ಎಂದು ಕೇಳುವ ಶೀರ್ಷಿಕೆ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಸುಮಾರು ಹತ್ತು ವರ್ಷ ಅದರತ್ತ ಕಣ್ಣು ಹಾಯಿಸಿದವರು ವಿರಳ.

ಉನ್ರು ಅದನ್ನು ಕೈಬಿಡದಿರಲು ಬಲವಾದ ಕಾರಣವಿತ್ತು. ಹಾಕಿಂಗ್ ಲೆಕ್ಕದಲ್ಲೊಂದು ಮುಳ್ಳಿದೆ. ಹೊರಬಂದ ಅಲೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ, ಕುಳಿಯ ಅಂಚಿನಲ್ಲಿ ಅದು ಕುಗ್ಗುತ್ತ ಪರಮಾಣುವಿಗಿಂತ, ಅದರ ಬೀಜಕ್ಕಿಂತ, ಊಹೆಗೂ ನಿಲುಕದಷ್ಟು ಚಿಕ್ಕದಾಗುತ್ತದೆ. ಅಷ್ಟು ಸಣ್ಣ ಅಳತೆಯಲ್ಲಿ ದೇಶ–ಕಾಲಗಳ ನಡವಳಿಕೆ ಏನೆಂದು ಹೇಳಬೇಕಾದ ಕ್ವಾಂಟಂ ಗುರುತ್ವ ಸಿದ್ಧಾಂತ ಇಂದಿಗೂ ಯಾರ ಕೈಗೂ ಪೂರ್ತಿಯಾಗಿ ದಕ್ಕಿಲ್ಲ. ಅಡಿಪಾಯವೇ ತಿಳಿಯದಿದ್ದರೆ ಮೇಲಿನ ಮನೆಯನ್ನು ನಂಬುವುದೆಂತು? ನೀರಿನ ವಿಷಯದಲ್ಲಿ ಅಡಿಪಾಯ ಗೊತ್ತಿದೆ. ನೀರೆಂದರೆ ಅಣುಗಳು, ಅಣುಗಳ ನಡುವಿನ ಅಂತರಕ್ಕಿಂತ ಚಿಕ್ಕದಾದ ಶಬ್ದದ ಅಲೆ ಇರಲಾರದು. ಅಂಥ ಮಿತಿಯೊಂದನ್ನು ಹಾಕಿ 1995ರಲ್ಲಿ ಉನ್ರು ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡಿಸಿದರು. ಶಾಖ ಅಳಿಸಿಹೋಗಲಿಲ್ಲ! ತಳದಲ್ಲಿ ಏನಿದ್ದರೂ ಶಾಖ ಉಳಿಯಬಲ್ಲದು ಎಂಬುದಕ್ಕೆ ಸಿಕ್ಕ ಈ ಸುಳಿವೇ ಅವರ ವೃತ್ತಿಜೀವನದ ದೊಡ್ಡ ಗಳಿಕೆ ಎಂದು ನನಗನ್ನಿಸುತ್ತದೆ.

ಇನ್ನು ಪ್ರಯೋಗ. ನೀರಿನೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಅಷ್ಟು ವೇಗದಲ್ಲಿ ನೀರು ಹರಿಸುವ ಮಾತಿಲ್ಲ. ಆದರೆ ನೀರಿನ ಮೇಲ್ಮೈ ಅಲೆಗಳು ನಿಧಾನಿಗಳು. ಸಿಲ್ಕೆ ವೈನ್‌ಫರ್ಟ್ನರ್ ಎಂಬ ಯುವ ವಿಜ್ಞಾನಿ ಮತ್ತು ವ್ಯಾಂಕೂವರ್‌ನ ಸಿವಿಲ್ ಎಂಜಿನಿಯರುಗಳ ಜೊತೆ ಸೇರಿ ಉನ್ರು, ಆರು ಮೀಟರ್ ಉದ್ದದ ಕಿರಿದಾದ ಕಾಲುವೆಯಲ್ಲಿ ವಿಮಾನದ ರೆಕ್ಕೆಯಾಕಾರದ ದಿಬ್ಬವಿಟ್ಟು ನೀರು ಹರಿಸಿದರು. ದಿಬ್ಬದ ಮೇಲೆ ಹರಿವು ಚುರುಕಾಗುತ್ತದೆ. ಪ್ರವಾಹಕ್ಕೆ ಎದುರಾಗಿ ಕಳಿಸಿದ ಉದ್ದನೆಯ ಅಲೆ ಅಲ್ಲಿ ತಡೆದು, ಎರಡು ಬಗೆಯ ಗಿಡ್ಡ ಅಲೆಗಳಾಗಿ ಹಿಂದಿರುಗಿತು. ಆ ಎರಡರ ಪ್ರಮಾಣ ಹಾಕಿಂಗ್ ಸೂತ್ರ ಹೇಳಿದಂತೆಯೇ ಇತ್ತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ತಕರಾರುಗಳೂ ಬಂದವು. ಉದ್ದನೆಯ ಅಲೆಗಳನ್ನು ಮೀರಿಸುವಷ್ಟು ವೇಗ ಆ ಹರಿವಿಗೆ ಎಲ್ಲಿಯೂ ಇರಲಿಲ್ಲ ಎಂಬುದು ಒಂದು. ಅಲೆಯನ್ನು ಹೊರಗಿನಿಂದ ಎಬ್ಬಿಸಿದ್ದು, ತಾನಾಗಿ ಹುಟ್ಟಿದ್ದಲ್ಲ ಎಂಬುದು ಇನ್ನೊಂದು.

ತಾನಾಗಿ ಹುಟ್ಟುವ ಕ್ವಾಂಟಂ ಶಾಖಕ್ಕೆ ನೀರು ತೀರ ಬಿಸಿಯಾಯಿತು. ಅದಕ್ಕಾಗಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಜೆಫ್ ಸ್ಟೈನ್‌ಹಾವರ್, ಶೂನ್ಯ ಕೆಲ್ವಿನ್‌ನ ಅಂಚಿಗೆ ತಣಿಸಿದ ರುಬಿಡಿಯಂ ಪರಮಾಣುಗಳ ಮೋಡದಲ್ಲಿ ಮೂಕಕುಳಿ ತೋಡಿದರು. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ ಒಂದು ಮಿಲಿಮೀಟರೂ ಇಲ್ಲ. ಗಡಿಯ ಆಚೀಚೆ ಜೋಡಿಜೋಡಿಯಾಗಿ ಅಲೆಗಳು ಹುಟ್ಟಿದ್ದನ್ನು 2016ರಲ್ಲಿ ವರದಿ ಮಾಡಿದರು. 2019ರಲ್ಲಿ ಅಳೆದ ತಾಪ ಸಿದ್ಧಾಂತಕ್ಕೆ ತಾಳೆಯಾಯಿತು.

ವೈನ್‌ಫರ್ಟ್ನರ್ ಮುಂದೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ಬಚ್ಚಲ ತೂಬಿನಂತೆ ಸುಳಿಯುತ್ತ ನೀರಿಳಿಯುವ ತೊಟ್ಟಿ ಕಟ್ಟಿದರು. ಕಲಕಿದ ಸುಳಿ ನಿಗದಿತ ಸ್ವರಗಳಲ್ಲಿ ‘ಮೊಳಗಿ’ ಶಾಂತವಾಗುವುದನ್ನು ಅವರ ತಂಡ 2020ರಲ್ಲಿ ತೋರಿಸಿತು. ನಮ್ಮ ಓದುಗರಿಗೆ ಇಲ್ಲೊಂದು ಹೆಮ್ಮೆಯ ವಿಷಯವುಂಟು. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಮೊಳಗಿ ಆರುತ್ತದೆಂದು 1970ರಲ್ಲೇ ಲೆಕ್ಕದಿಂದ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಇಲ್ಲಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು.

ಹಾಗಾದರೆ ಹಾಕಿಂಗ್ ಗೆದ್ದಂತೆಯೇ? ಕಾಲುವೆಯ ನೀರು ಆಕಾಶದ ಪರವಾಗಿ ಸಾಕ್ಷಿ ಹೇಳಬಲ್ಲದೇ ಎಂಬ ಜಗಳ ಮುಗಿದಿಲ್ಲ. ದೇಶ–ಕಾಲದ ತಳವೂ ದ್ರವದ ತಳದಂತೆಯೇ ಇದೆಯೆಂದು ಯಾರು ಕಂಡವರು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಉನ್ರು ಮಾತ್ರ 2014ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಹಾಕಿಂಗ್ ವಿಕಿರಣವನ್ನು ಅಳೆದದ್ದಾಗಿದೆಯೇ ಎಂಬರ್ಥದ ಅದರ ಶೀರ್ಷಿಕೆಯ ಕೊನೆಗೂ ಪ್ರಶ್ನಾರ್ಥಕ ಚಿಹ್ನೆಯೇ. ಒಳಗೆ ಅವರು ಕೊಟ್ಟಿರುವ ಉತ್ತರ: ಹೌದು.