ಅಠಾರಾ ಕಚೇರಿ: ಒಂದು ಸಾರ್ವಜನಿಕ ಕಟ್ಟಡದ ಇತಿವೃತ್ತ

ನಗರವೊಂದರ ಇತಿಹಾಸವನ್ನು ಅದರ ಕೋಟೆ, ಅರಮನೆ, ದೇವಾಲಯಗಳಲ್ಲಿ ಅರಸುವುದು ನಮ್ಮಲ್ಲಿ ರೂಢಿ. ಪ್ರಜೆಗಳು ಅರ್ಜಿ ಹಿಡಿದು ಮೆಟ್ಟಿಲೇರಿದ ಕಚೇರಿಗಳೂ ಆ ಇತಿಹಾಸಕ್ಕೆ ಸಾಕ್ಷಿಗಳೇ ಆಗಿವೆ. ಬೆಂಗಳೂರಿನ ಅಠಾರಾ ಕಚೇರಿಯನ್ನು ನಾವು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷರ ವಶವಾದ ತರುವಾಯ ಅದರ ಕಚೇರಿಗಳು ಬೆಂಗಳೂರು ಕೋಟೆಯಲ್ಲಿದ್ದ ಟಿಪ್ಪು ಸುಲ್ತಾನನ ಅರಮನೆಯಲ್ಲಿ ನಡೆಯತೊಡಗಿದವು. ಇಲಾಖೆಗಳು ಬೆಳೆದಂತೆ ಆ ಮರದ ಅರಮನೆ ಸಾಲದಾಯಿತು. ಬೌರಿಂಗನು ಕಮಿಷನರನಾಗಿದ್ದಾಗ, 1864ರಲ್ಲಿ ಹೊಸ ಕಟ್ಟಡದ ಕೆಲಸ ಮೊದಲಾಗಿ 1868ರಲ್ಲಿ ಮುಗಿಯಿತು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಅದರ ಗುತ್ತಿಗೆದಾರರು. ಎರಡಂತಸ್ತಿನ ಕೆಂಪು ಸೌಧ, ಗ್ರೀಕ್ ಮಾದರಿಯ ಕಂಬಸಾಲು, ಉದ್ದನೆಯ ಮೊಗಸಾಲೆ ಇದರ ಲಕ್ಷಣಗಳು. ಸರಕಾರದ 18 ಇಲಾಖೆಗಳು ಇಲ್ಲಿ ನೆಲೆಸಿದ್ದರಿಂದ, ಹದಿನೆಂಟನ್ನು ಸೂಚಿಸುವ ಹಿಂದೂಸ್ತಾನಿ ಮಾತಿನಿಂದ ಈ ಹೆಸರು ಬಂದಿತು.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿತು. ಆಳುವವರು ಬದಲಾದರೂ ಕಚೇರಿ ಬದಲಾಗಲಿಲ್ಲ. 1956ರಲ್ಲಿ ಎದುರಿಗೇ ವಿಧಾನಸೌಧವು ಸಿದ್ಧವಾಗಲು ಸಚಿವಾಲಯವು ಅಲ್ಲಿಗೆ ತೆರಳಿತು. ಉಚ್ಚ ನ್ಯಾಯಾಲಯವು ಇಲ್ಲಿಯೇ ಉಳಿಯಿತು.

ಈ ಕಟ್ಟಡದ ಸಂಬಂಧವು ರಾಜಧಾನಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಹಿಂದೆ ಹಿರೇಕೆರೂರು ತಾಲೂಕಿಗೆ ಸೇರಿದ್ದ ರಟ್ಟೀಹಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ರೈತನಿಗೆ ಜಮೀನಿನ ವ್ಯಾಜ್ಯದಲ್ಲಿ ಮೇಲ್ಮನವಿಯ ಕೊನೆಯ ದಾರಿ 1956ರವರೆಗೆ ಮುಂಬಯಿಯತ್ತ ಸಾಗುತ್ತಿತ್ತು. ಆ ವರ್ಷದ ನವೆಂಬರ್ 1ರಂದು ಧಾರವಾಡ ಜಿಲ್ಲೆಯು ವಿಶಾಲ ಮೈಸೂರನ್ನು ಸೇರಲು, ಅದು ಬೆಂಗಳೂರಿನ ಈ ಕೆಂಪು ಸೌಧದತ್ತ ತಿರುಗಿತು. ಏಕೀಕರಣವೆಂದರೆ ಆತನ ಪಾಲಿಗೆ ನಕ್ಷೆಯ ಗೆರೆಯಷ್ಟೇ ಅಲ್ಲ, ನ್ಯಾಯ ಬೇಡುವ ಬಾಗಿಲೂ ಬದಲಾಯಿತು. 2008ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾದ ಮೇಲೆ ಆ ಬಾಗಿಲು ಇನ್ನಷ್ಟು ಸಮೀಪಕ್ಕೆ ಬಂದಿತು.

ನಗರದ ಬೆಳವಣಿಗೆ ಕಟ್ಟಡಕ್ಕೇ ಮುಳುವಾಗುವ ಸಂದರ್ಭವೂ ಒದಗಿತು. 1982ರಲ್ಲಿ ಇದನ್ನು ಕೆಡವುವ ಪ್ರಸ್ತಾಪವೆದ್ದಿತು. ನಾಗರಿಕರು ಅದನ್ನು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡದ ಅಳಿವು ಉಳಿವಿನ ವಾದ ಅದೇ ಕಟ್ಟಡದೊಳಗೆ ನಡೆದುದು ವಿಶೇಷ. ಕೊನೆಗೆ ಸೌಧವು ಉಳಿಯಿತು. ಇಂದಿಗೂ ಅಲ್ಲಿ ನ್ಯಾಯಾಲಯವು ನಡೆಯುತ್ತಿದೆ.

ಇದರಿಂದ ನಮಗೆ ತೋರುವುದಿಷ್ಟು: ಸಾರ್ವಜನಿಕ ಕಟ್ಟಡವನ್ನು ಕಾಯುವುದು ಅದರ ಸೊಬಗೊಂದೇ ಅಲ್ಲ. ಅದರೊಳಗೆ ಜನರ ಕಾರ್ಯವು ನಡೆಯುತ್ತಿರಬೇಕು. ಅದು ತಮ್ಮದೆಂಬ ಭಾವನೆ ಜನರಲ್ಲಿರಬೇಕು. ಇವೆರಡೂ ಇಲ್ಲದೆಡೆ ಕಲ್ಲು ಗಾರೆಗಳು ಎಷ್ಟು ಗಟ್ಟಿಯಾಗಿದ್ದರೂ ಫಲವಿಲ್ಲ.